ಅಂಚಿನ ಎಳ್ಳು

ಪ್ರವಾಸದ ಮಾತು ಎದ್ದು ಮೂರು ವಾರವಾಗಿತ್ತು, ಕಾರು ಮಾತ್ರ ಅಂಗಳ ಬಿಟ್ಟು ಕದಲಿರಲಿಲ್ಲ. ಮುಗಳಖೋಡದ ಹೊರಗೆ ಕಬ್ಬಿನ ನಡುವೆ ಇದ್ದ ಆ ತೋಟದ ಮನೆಯಲ್ಲಿ ಪ್ರತಿಯೊಬ್ಬರ ತಲೆಯಲ್ಲೂ ಒಂದೊಂದು ಪ್ರವಾಸವಿತ್ತು. ಅತ್ತೆ ಸೋನಾಬಾಯಿಗೆ ಕೊಲ್ಹಾಪುರದ ಮಹಾಲಕ್ಷ್ಮಿಗೆ ಉಡಿ ತುಂಬಿ ಬರಬೇಕು. ಒಂಬತ್ತು ವರ್ಷದ ಪ್ರಾಜಕ್ತಾಗೆ ರಂಕಾಳ ಕೆರೆಯ ದಂಡೆಯಲ್ಲಿ ಕೂತು ಭೇಳ್ ತಿನ್ನಬೇಕು. ಅವಳಪ್ಪ ಸಿದ್ದಲಿಂಗನಿಗೆ ಹೋದ ವರ್ಷ ಕೊಂಡ ಹಳೆಯ ಕಾರನ್ನು ನಿಪ್ಪಾಣಿಯ ಹೈವೇ ಮೇಲೆ ಒಂದು ಸಲವಾದರೂ ಮನಸ್ಸಿಗೆ ಬಂದಷ್ಟು ಓಡಿಸಬೇಕು.

ಸೊಸೆ ಮನೀಷಾಗೆ ಬೋರಗಾಂವದ ತವರಿನಲ್ಲಿ ಎರಡು ದಿನ ಇದ್ದು ಬರುವ ಆಸೆ. ಆದರೆ ಅದಕ್ಕೂ ಮೊದಲು ಚಿಕ್ಕೋಡಿಯಲ್ಲಿ ಅವಳ ಕೆಲಸವಿತ್ತು. ಹಿಟ್ಟಿನ ಕೈಯಲ್ಲೇ ಪುಸ್ತಕದ ಹಾಳೆ ತಿರುವಿ ಓದಿ, ಸರಕಾರಿ ಶಾಲೆಯ ಶಿಕ್ಷಕಿಯ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಗುರುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಮೂಲ ಅಂಕಪಟ್ಟಿಗಳನ್ನು ತೋರಿಸಬೇಕು. ತಪ್ಪಿದರೆ ಆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ. ಇದನ್ನು ಅವಳು ಮನೆಯವರಿಗೆಲ್ಲ ಹೇಳಿದ್ದಳು. ಮಾವನಿಗಂತೂ ಮೂರು ಸಲ ಹೇಳಿದ್ದಳು.

ಮಾವ ಬಾಬಾಸಾಹೇಬರಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವರು ಆಗಲೇ ಕಬ್ಬಿನ ದರದ ಹೋರಾಟಕ್ಕೆ ಹೋಗಿ ಕೂತಿದ್ದರು. ಊರಿನಿಂದ ಎಂಟು ಮೈಲಿ ದೂರದ ಬನ್ನಿಗಿಡದ ಕ್ರಾಸಿನಲ್ಲಿ ಪೆಂಡಾಲು ಎದ್ದಿತ್ತು. ಮೊದಲ ವಾರ ಕಬ್ಬಿನ ಟ್ರ್ಯಾಕ್ಟರ್‌ಗಳನ್ನಷ್ಟೇ ನಿಲ್ಲಿಸಿದರು. ಎರಡನೆಯ ವಾರ ದಿನಾ ಮಧ್ಯಾಹ್ನ ಎರಡು ತಾಸು ಎಲ್ಲ ಗಾಡಿಗಳನ್ನೂ ನಿಲ್ಲಿಸತೊಡಗಿದರು. ಹೋರಾಟಕ್ಕೆ ಕೂತವರ ಹೊಟ್ಟೆಪಾಡು ಸುತ್ತಲಿನ ಊರುಗಳದು. ಮನೆಗೆ ಇಷ್ಟು ಎಂದು ಖಡಕ್ ರೊಟ್ಟಿ ಬಡಿದು, ಹಳೆಯ ಸೀರೆಯಲ್ಲೋ ಧೋತರದಲ್ಲೋ ಗಂಟು ಕಟ್ಟಿ ಕಳಿಸಬೇಕು. ಬಾಬಾಸಾಹೇಬರ ಮನೆಯಿಂದ ದಿನಾ ನೂರು ರೊಟ್ಟಿ. ಇದನ್ನು ಅವರು ಪೆಂಡಾಲಿನಲ್ಲಿ ಮೈಕಿನ ಮುಂದೆ ನಿಂತು ಒಪ್ಪಿಕೊಂಡು ಬಂದಿದ್ದರು. ರೊಟ್ಟಿ ಬಡಿಯುವವರನ್ನು ಒಂದು ಮಾತೂ ಕೇಳಿರಲಿಲ್ಲ.

"ನೂರು ಅಂತ ಬಾಯಿಲೆ ಅನ್ನೂದು ಭಾಳ ಹಗರ," ಎಂದು ಸೋನಾಬಾಯಿ ಒಲೆಗೆ ಕಬ್ಬಿನ ರವದಿ ತುರುಕುತ್ತ ಗೊಣಗಿದಳು. "ನನ್ನ ರಟ್ಟಿ ನೋಡ್ರಿ ಒಮ್ಮೆ. ಬಾತು ಕುಂತಾವ."

"ಹೋರಾಟಂದ್ರ ಎಲ್ಲಾರೂ ಮಾಡಬೇಕು," ಎಂದರು ಬಾಬಾಸಾಹೇಬರು ತಾಟಿನ ಮುಂದೆ ಕೂತು.

"ನೀವು ಕುಂತ ಮಾಡ್ರಿ. ನಾವು ಬಡದ ಮಾಡ್ತೀವಿ."

ಸಿದ್ದಲಿಂಗ ತಾಟು ನೋಡಿ ಮುಖ ಸಿಂಡರಿಸಿದ. "ಮತ್ತ ಅನ್ನ ಏನವ್ವಾ? ಮನ್ಯಾಗ ನೂರು ರೊಟ್ಟಿ ಆಗ್ತಾವ, ತಿನ್ನಾಕ ಒಂದ ಸಿಗೂದಿಲ್ಲಂದ್ರ."

"ನೀನೂ ಹೋಗಿ ಪೆಂಡಾಲಿನ್ಯಾಗ ಕುಂದರು. ಅಲ್ಲಿ ಸಿಗತಾವ."

ಈ ಮಾತಿನ ಗದ್ದಲದೊಳಗೇ ಮನೀಷಾ ನಾಲ್ಕನೆಯ ಸಲ ಹೇಳಿದಳು. "ಮಾಮಾ, ಗುರುವಾರ ನಂದು ಚಿಕ್ಕೋಡಿಗೆ ಕಾಗದಾ ತೋರಸೂದೈತ್ರಿ."

"ಆಗಲಿ ನೋಡೋಣು."

"ನೋಡೂದಲ್ರಿ. ಸರಕಾರದವರು ಕೊಟ್ಟ ತಾರೀಖ ಅದು. ಅವತ್ತ ತಪ್ಪಿದ್ರ ಮುಗೀತು."

"ಹೂಂ ಅಂದ್ನೆಲ್ಲವಾ. ಮಜ್ಜಿಗಿ ತಂಬಿಗಿ ಇತ್ತ ಸರಸು."

ಮನೀಷಾ ತಂಬಿಗೆ ಸರಿಸಿದಳು. ಅವರು ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಬೈದಿದ್ದರೆ ಅಳಬಹುದಿತ್ತು. ಇವರದು ಅದೊಂದೂ ಅಲ್ಲ. ಸೊಸೆ ಪಾಸಾದದ್ದೂ ಎಮ್ಮೆ ಕರು ಹಾಕಿದ್ದೂ ಅವರ ಕಿವಿಗೆ ಒಂದೇ ದಾರಿಯಿಂದ ಹೋಗಿ ಒಂದೇ ದಾರಿಯಿಂದ ಹೊರಬರುತ್ತಿದ್ದವು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ತಾನು ಒಂದು ಕೈ ಮಾತ್ರವೇ ಎಂದುಕೊಂಡಳು.

ಮಂಗಳವಾರ ಬಾಬಾಸಾಹೇಬರು ಮನೆಗೆ ಬಂದವರು ಬಹಳ ಹುರುಪಿನಲ್ಲಿದ್ದರು. ಪೆಂಡಾಲಿನಲ್ಲಿ ಅವರ ಜೊತೆಗೇ ಇದ್ದ ಜಿನ್ನಪ್ಪ ತನ್ನ ಬೀಗರ ಕಾರು ಬಂತೆಂದು ರಸ್ತೆಗೆ ಕಟ್ಟಿದ ಹಗ್ಗ ಇಳಿಸಿದ್ದನಂತೆ. ಬಾಬಾಸಾಹೇಬರು ಎಲ್ಲರ ಮುಂದೆ ಅವನ ಜನ್ಮ ಜಾಲಾಡಿದ್ದರು.

"ಹಾಲಿನ ಗಾಡಿ ಬಿಡಬೇಕು, ಆಂಬುಲೆನ್ಸ್ ಬಿಡಬೇಕು. ಬೀಗರೂ ಇಲ್ಲ, ಬಿಜ್ಜರೂ ಇಲ್ಲ. ನಾಳೆ ನನ್ನ ಮಗಾ ಬಂದ್ರೂ ಹಗ್ಗ ಇಳಸೂದಿಲ್ಲ ಅಂದೆ. ಮಂದಿ ಚಪ್ಪಾಳಿ ಹೊಡೀತು," ಎಂದರು ಕೈತೊಳೆಯುತ್ತ.

"ನಿಮ್ಮ ಮಗಾ ಗುರುವಾರ ಬರಾಂವ ಅದಾನ," ಎಂದಳು ಸೋನಾಬಾಯಿ.

"ಗುರುವಾರ ಮುಂಜಾನೆ ಲಗು ಬಂದ್ರ ಹಗ್ಗ ಎಲ್ಲಿರತೈತಿ? ಮಧ್ಯಾಹ್ನ ಅಷ್ಟ ಕಟ್ತೀವಿ. ಆಗಲಿ ನೋಡೋಣು."

ಬುಧವಾರ ಬಾಬಾಸಾಹೇಬರು ಪೆಂಡಾಲಿನಲ್ಲೇ ಉಳಿದರು. ಗುರುವಾರ ನಸುಕಿನಲ್ಲಿ ಈ ಕಡೆ ಕಾರು ತುಂಬುವ ಸಂಭ್ರಮ. ಎರಡು ರೊಟ್ಟಿ ಗಂಟು ತಯಾರಿದ್ದವು, ಒಂದು ಪೆಂಡಾಲಿಗೆ, ಒಂದು ಬೋರಗಾಂವದ ಬೀಗರಿಗೆ. ಎರಡನ್ನೂ ಒಂದೇ ಹಳದಿ ಸೀರೆ ಹರಿದು ಕಟ್ಟಿದ್ದರು. ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ, ಉಡಿ ಸಾಮಾನು, ಪ್ರಾಜಕ್ತಾಳ ಎರಡು ಜೊತೆ ಬಟ್ಟೆ, ಅವಳ ಒಂದು ಬೊಂಬೆ. ಮನೀಷಾಳ ಬ್ಯಾಗಿನಲ್ಲಿ ಎರಡು ಫೈಲು, ನೀಲಿಯದರಲ್ಲಿ ಮೂಲ ಕಾಗದ, ಕೆಂಪಿನದರಲ್ಲಿ ಜೆರಾಕ್ಸ್.

ಅವಳು ಒಳಗೆ ಸೀರೆ ಉಡುತ್ತಿದ್ದಾಗ ಪ್ರಾಜಕ್ತಾ ಹಿಂದಿನ ಸೀಟಿನಲ್ಲಿ ಕುಣಿದು ಆ ಬ್ಯಾಗಿನ ಮೇಲೆಯೇ ಕೂತುಬಿಟ್ಟಳು. ಸೋನಾಬಾಯಿ ಮೊಮ್ಮಗಳ ಕೈ ಹಿಡಿದು ಎಬ್ಬಿಸಿದಳು. ನೀಲಿ ಫೈಲು ತೆಗೆದು ನೋಡಿದಳು, ಒಂದು ಮೂಲೆ ಮಡಿಚಿತ್ತು. ಸೊಸೆಯ ಇಷ್ಟು ವರ್ಷದ ಓದೆಲ್ಲ ಇದರಲ್ಲಿದೆ ಎಂಬುದು ಅವಳಿಗೆ ಗೊತ್ತು. ಈ ಕಾರಿನಲ್ಲಿ ಯಾರೂ ಕೂರದ, ಯಾರೂ ಕಾಲಿಡದ ಜಾಗ ಯಾವುದು? ರೊಟ್ಟಿ ಗಂಟು. ಅನ್ನದ ಮೇಲೆ ಈ ಮನೆಯಲ್ಲಿ ಯಾರೂ ಕೂರುವುದಿಲ್ಲ. ಬೋರಗಾಂವದ ಗಂಟು ಬಿಚ್ಚಿ, ರೊಟ್ಟಿಗಳ ನಡುವೆ ಫೈಲನ್ನು ಸಪಾಟಾಗಿ ಇಟ್ಟು, ಮತ್ತೆ ಬಿಗಿದು ಕಟ್ಟಿದಳು. ಸೊಸೆಗೆ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಎಮ್ಮೆಗೆ ನೀರು ಕುಡಿಸಿಲ್ಲವೆಂಬುದು ನೆನಪಾಯಿತು.

ಎಂಟೂವರೆಗೆ ಬನ್ನಿಗಿಡದ ಕ್ರಾಸು ತಲುಪಿದಾಗ ಹಗ್ಗ ಕಟ್ಟಿತ್ತು. ರಾತ್ರಿ ಮಾತುಕತೆ ಮುರಿದುಬಿದ್ದಿತ್ತಂತೆ, ಇಡೀ ದಿನ ಬಂದ್ ಮಾಡುತ್ತೇವೆಂದು ನಸುಕಿನಲ್ಲಿ ಸಾರಿದ್ದರಂತೆ. ಬಾಬಾಸಾಹೇಬರು ಮನೆಗೆ ಒಂದು ಫೋನೂ ಮಾಡಿರಲಿಲ್ಲ. ನೆನಪಾದರೆ ತಾನೆ?

ರೊಟ್ಟಿ ಗಂಟು ಇಳಿಸಲೂ ನಿಲ್ಲದೆ ಸಿದ್ದಲಿಂಗ ಕಾರು ತಿರುಗಿಸಿ ಕಾಲುವೆಯ ದಾರಿ ಹಿಡಿದ. ಅರ್ಧ ಮೈಲಿ ಹೋಗುವಷ್ಟರಲ್ಲಿ ಕಬ್ಬು ತುಂಬಿದ ಟ್ರೇಲರು ಅಡ್ಡ ನಿಂತಿತ್ತು. ಇನ್ನೊಂದು ಹೊಲದ ದಾರಿಯಲ್ಲಿ ನೀರು ಬಿಟ್ಟಿದ್ದರು, ಚಕ್ರ ಹೂತಿತು. ಕಾರು ನೂಕಿ, ಕೆಸರು ಮೆತ್ತಿಕೊಂಡು, ಮತ್ತೆ ಕ್ರಾಸಿಗೆ ಬಂದು ನಿಂತಾಗ ಹನ್ನೊಂದಾಗಿತ್ತು. ಅಷ್ಟರಲ್ಲಿ ಇಪ್ಪತ್ತು ಗಾಡಿ ಸೇರಿದ್ದವು.

ಹಸಿರು ಟಾವೆಲ್ಲಿನ ಹುಡುಗರು ಕಾರು ಗುರುತಿಸಿ ಓಡಿಬಂದರು. "ಬಾಬಾಸಾಹೇಬ್ರ ಮನಿ ರೊಟ್ಟಿ ಬಂತು," ಎಂದು ಡಿಕ್ಕಿ ತೆಗೆದು ಹಳದಿ ಗಂಟು ಎರಡನ್ನೂ ಹೊತ್ತುಕೊಂಡು ಹೋದರು. ಸೋನಾಬಾಯಿ ಅದನ್ನು ನೋಡಲಿಲ್ಲ. ಅವಳು ಹಗ್ಗದ ಹತ್ತಿರ ಗಂಡನ ಮುಂದೆ ನಿಂತಿದ್ದಳು.

"ಹಗ್ಗ ಇಳಸ್ರಿ."

"ಸುಮ್ಕಿರು. ಮಂದಿ ನೋಡಾಕತ್ತಾರ."

"ನೋಡಲಿ. ನಿಮ್ಮ ಮಂದಿಗೆ ಹತ್ತ ದಿನದಿಂದ ಉಣಿಸಿದ ಹುಡುಗಿ ಐತಿದು. ಆಕೀ ದಾರಿನ ಕಟ್ಟಿ ಕುಂತೀರಿ?"

ಬಾಬಾಸಾಹೇಬರು ಅತ್ತಿತ್ತ ನೋಡಿದರು. ಜಿನ್ನಪ್ಪ ಕಲ್ಲಿನ ಮೇಲೆ ಕೂತು ತಂಬಾಕು ತಿಕ್ಕುತ್ತ, ಇವರ ಬಾಯಿಂದ ಏನು ಬರುತ್ತದೆಂದು ಕಾಯುತ್ತಿದ್ದ. "ಮೊನ್ನಿ ಆಂವಗ ಅಂದೀನಿ. ಇವತ್ತ ನಾನ ಇಳಿಸಿದ್ರ ನನ್ನ ಮಾತಿಗೇನು ಕಿಮ್ಮತ್ತು?"

"ಆಕೀ ನೌಕರಿಗೇನು ಕಿಮ್ಮತ್ತು?"

ಮನೀಷಾ ಕಾರಿನಿಂದ ಇಳಿದಳು. ಬ್ಯಾಗು ಹೆಗಲಿಗೇರಿಸಿ ಹಗ್ಗದ ಹತ್ತಿರ ಬಂದಳು. "ನಡಕೊಂತ ದಾಟಾಕ ಏನರೆ ತಕರಾರ ಐತೇನ್ರಿ ಮಾಮಾ?"

"ನಡಕೊಂತ ಹೋಗವರನ್ನ ನಾವು ತಡದಿಲ್ಲವಾ," ಎಂದರು ಅವರು, ನೆಲ ನೋಡುತ್ತ.

ಅವಳು ಬ್ಯಾಗಿನೊಳಗೆ ಕಣ್ಣು ಹಾಕಿದಳು, ಫೈಲಿನ ಅಂಚು ಕಂಡಿತು. ಅದು ಕೆಂಪಿನದೆಂದು ನೋಡುವಷ್ಟು ವ್ಯವಧಾನ ಎಲ್ಲಿತ್ತು? ಗಂಡನಿಗೆ "ನೀವು ಅವ್ವಾರನ್ನ ನೋಡ್ಕೋರಿ" ಎಂದು ಹೇಳಿ, ಹಗ್ಗದಡಿ ಬಗ್ಗಿ ಆಚೆ ನಡೆದಳು. ಹಿಂದಿನಿಂದ ಪ್ರಾಜಕ್ತಾ, "ಅವ್ವಾ, ಕೊಲ್ಹಾಪುರಕ್ಕ ನಡಕೊಂತ ಹೋಗೂದೇನು?" ಎಂದು ಕೂಗಿದ್ದು ಕೇಳಿಸಿತು.

ಹಗ್ಗದ ಆಚೆಯೂ ಅಷ್ಟೇ ಉದ್ದದ ಸಾಲು. ಚಿಕ್ಕೋಡಿಯಿಂದ ಬಂದ ಗಾಡಿಗಳು ಬೇಸತ್ತು ಒಂದೊಂದೇ ಹಿಂದಿರುಗುತ್ತಿದ್ದವು. ಒಂದು ಬಿಳಿ ಕಾರಿನವರು ಅವಳನ್ನು ಹತ್ತಿಸಿಕೊಂಡರು. ಓಡಿಸುತ್ತಿದ್ದವರು ದಶರಥ, ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಗುಮಾಸ್ತರು. ಪಕ್ಕದಲ್ಲಿ ಅವರ ಹೆಂಡತಿ ಶೇವಂತಾ. ಮುಂದಿನ ಗಾಜಿನ ಹತ್ತಿರ ಬುದ್ಧನ ಚಿಕ್ಕ ಮೂರ್ತಿ. ತಂಗಿಯ ಮನೆಗೆಂದು ರಾಯಬಾಗಕ್ಕೆ ಹೊರಟವರು ಅರ್ಧ ದಾರಿಯಿಂದ ಮನೆಗೆ ತಿರುಗಿದ್ದರು.

ಶೇವಂತಾ ಅವಳ ಕಥೆಯನ್ನೆಲ್ಲ ಕೇಳಿ, "ಕಾಗದಾ ಒಮ್ಮೆ ನೋಡ್ಕೋ ತಂಗಿ," ಎಂದಳು. "ನಮ್ಮವರು ಮೂರ ಸಲ ನೋಡ್ತಾರು, ಆದ್ರೂ ಒಂದು ಮನ್ಯಾಗ ಬಿಟ್ಟ ಬಂದಿರ್ತಾರು."

"ಸುಮ್ನ ಕುಂದರು," ಎಂದರು ದಶರಥ.

ಮನೀಷಾ ಬ್ಯಾಗು ತೆಗೆದಳು. ಕೆಂಪು ಫೈಲು, ನೀರಿನ ಬಾಟಲಿ, ಪ್ರಾಜಕ್ತಾಳ ಬೊಂಬೆ. ಮತ್ತೆ ನೋಡಿದಳು. ಬ್ಯಾಗು ತಿರುವಿ ತೊಡೆಯ ಮೇಲೆ ಸುರಿದುಕೊಂಡಳು. ನೀಲಿ ಫೈಲು ಇರಲಿಲ್ಲ. ಗಂಡನಿಗೆ ಫೋನು ಹಚ್ಚಿದಳು.

ಫೋನಿನಲ್ಲಿ ಸಿದ್ದಲಿಂಗ ಸೀಟಿನ ಕೆಳಗೆಲ್ಲ ತಡಕಾಡುವ ಸದ್ದು. ಆಮೇಲೆ ಅತ್ತೆಯ ದನಿ. "ಯವ್ವಾ ಮನೀಷಾ, ಅದನ್ನ ನಾನ ರೊಟ್ಟಿ ಗಂಟಿನ್ಯಾಗ ಇಟ್ಟೀನಿ. ಮಡಿಕಿ ಬೀಳಬಾರದಂತ. ತಡೀ, ಡಿಕ್ಕ್ಯಾಗ ಐತಿ, ತಗೀತೀನಿ." ಡಿಕ್ಕಿ ತೆಗೆದ ಸದ್ದು ಕೇಳಿಸಿತು. ಆಮೇಲೆ ಸೋನಾಬಾಯಿ ಅಳುತ್ತಿದ್ದಳು. "ಗಂಟ ಒಯ್ದಾರವಾ. ಎರಡೂ ಒಯ್ದಾರ."

ಕಾರು ಚಿಕ್ಕೋಡಿಯ ಕಚೇರಿಯ ಮುಂದೆ ನಿಂತಾಗ ಹನ್ನೆರಡೂವರೆ. ಶೇವಂತಾ ಅವಳ ಜೊತೆಗೇ ಇಳಿದು, ಗಂಡನನ್ನು ಮನೆಗೆ ಕಳಿಸಿದಳು. ಒಳಗೆ ಕಚೇರಿಯ ಗುಮಾಸ್ತ ಹೆಸರು ಕೂಗುತ್ತಿದ್ದ. ಮನೀಷಾ ತನ್ನ ಹೆಸರನ್ನು ಕೊನೆಗೆ ಇಡಿರೆಂದು ಕೇಳಿಕೊಂಡಳು. "ಐದರ ತನಕ ಇರ್ತೀವ್ರಿ. ಐದ ಅಂದ್ರ ಐದ," ಎಂದ ಅವನು, ತಲೆ ಎತ್ತದೆ.

ಒಂದೂವರೆಗೆ ಬಾಬಾಸಾಹೇಬರ ಫೋನು ಬಂತು. ಹನ್ನೊಂದು ವರ್ಷದಲ್ಲಿ ಅವರು ಸೊಸೆಗೆ ಮಾಡಿದ ಮೊದಲ ಫೋನು ಅದು.

"ಯವ್ವಾ, ಇಲ್ಲಿ ನಲವತ್ತ ಊರಿನ ಗಂಟ ಬಿದ್ದಾವ. ಹಳದಿ ಅರಿವಿ ಆ ಹುಡುಗೋರು ಬಿಚ್ಚಿ ಎಲ್ಲೋ ಒಗದಾರ. ರೊಟ್ಟಿ ಎಲ್ಲಾ ದೊಡ್ಡ ಬುಟ್ಟ್ಯಾಗ ಒಟ್ಟಿ ಇಟ್ಟಾರ. ಅರವತ್ತ ಬುಟ್ಟಿ ಆಗಬಹುದು."

"ಒಂದೊಂದ ಬುಟ್ಟಿ ನೋಡ್ರಿ ಮಾಮಾ."

"ನೋಡಾಕತ್ತೇವಿ. ಮಂದಿ ಉಣ್ಣಾಕ ಕುಂತಾರ, ಬುಟ್ಟಿ ಸುರುವಿದ್ರ ರೊಟ್ಟಿ ಮುರದು ಹೋಕ್ಕಾವಂತ ಬೊಬ್ಬಿ ಹೊಡ್ಯಾಕತ್ತಾರ. ನಮ್ಮ ಮನಿ ಬುಟ್ಟಿ ಯಾವುದಂತ ಗೊತ್ತಾದ್ರ..." ಅವರು ತಡವರಿಸಿದರು. "ನಿನ್ನ ರೊಟ್ಟಿ ಹೆಂಗಿರ್ತಾವವಾ?"

ಹನ್ನೊಂದು ವರ್ಷ, ದಿನಕ್ಕೆ ಎರಡು ಹೊತ್ತು ಅವರ ತಾಟಿಗೆ ಬಿದ್ದ ರೊಟ್ಟಿ.

"ಅಂಚಿಗಷ್ಟ ಎಳ್ಳು ಇರ್ತಾವ್ರಿ," ಎಂದಳು ಮನೀಷಾ. "ನಡುವ ಇರೂದಿಲ್ಲ."

"ನಡುವ ಯಾಕಿರೂದಿಲ್ಲ?"

"ಎಳ್ಳು ಹಲ್ಲಿನ ಸಂದ್ಯಾಗ ಸಿಗತೈತಿ ಅಂತ ಮದಿವ್ಯಾದ ವರ್ಷ ಬೈದಿದ್ರಿ ನೀವು. ಅವ್ವಾರಿಗೆ ಎಳ್ಳು ಬೇಕು, ನಿಮಗ ಬ್ಯಾಡ. ಅದಕ್ಕ ಅಂಚಿಗಷ್ಟ ಹಚ್ಚತೀನಿ. ನೀವು ಅಂಚು ಮುರದು ಪ್ರಾಜಕ್ತಾಗ ಕೊಡ್ತೀರಲ್ಲ, ಅದ ಎಳ್ಳಿನ ಅಂಚು."

ಆ ಕಡೆಯಿಂದ ಮೈಕಿನ ಭಾಷಣ ಕೇಳಿಸುತ್ತಿತ್ತು. "ಹೂಂ," ಎಂದರು ಬಾಬಾಸಾಹೇಬರು. "ಇಡು. ನೋಡ್ತೀನಿ." ಆಗಲಿ ನೋಡೋಣು ಎನ್ನಲಿಲ್ಲ.

ಅಲ್ಲಿ ನಡೆದದ್ದನ್ನು ಸಿದ್ದಲಿಂಗ ಆಮೇಲೆ ಹೇಳಿದ. ಅಪ್ಪ ಕನ್ನಡಕ ಏರಿಸಿ, ಹಸಿರು ಟಾವೆಲ್ಲು ಸೊಂಟಕ್ಕೆ ಬಿಗಿದು, ಒಂದೊಂದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ರೊಟ್ಟಿಯನ್ನು ಬಿಸಿಲಿಗೆ ಹಿಡಿದು ಅಂಚು ನೋಡುತ್ತಿದ್ದರಂತೆ. ಉಣ್ಣುವವರು ನಗಾಡಿದರಂತೆ. ಜಿನ್ನಪ್ಪ ಮೊದಲು ನಕ್ಕು, ಆಮೇಲೆ ತಾನೂ ಬಂದು ಪಕ್ಕದ ಬುಟ್ಟಿಗೆ ಕೈಹಾಕಿದನಂತೆ. "ಹಿಟ್ಟಿಗೆ ನಾಲ್ಕ ಸೀನು ಬಂದ್ರೂ ಅಪ್ಪ ಎದ್ದಿಲ್ಲ ನೋಡು," ಎಂದ ಸಿದ್ದಲಿಂಗ. ನಲವತ್ತೇಳನೆಯದೋ ನಲವತ್ತೆಂಟನೆಯದೋ ಬುಟ್ಟಿಯಲ್ಲಿ ಅಂಚಿಗಷ್ಟೇ ಎಳ್ಳಿನ ರೊಟ್ಟಿ ಸಿಕ್ಕವು, ಕೆಳಗೆ ನೀಲಿ ಫೈಲು. ಹಾಲಿನ ಗಾಡಿ ಬಿಡಬೇಕೆಂಬ ನಿಯಮ ಅವರದೇ ತಾನೆ? ಚಿಕ್ಕೋಡಿಗೆ ಹೊರಟ ಹಾಲಿನ ಟೆಂಪೋದ ಹಾಲಸಿದ್ದನ ಕೈಗೆ ಫೈಲು ಕೊಟ್ಟು, ಹಗ್ಗವನ್ನು ತಾವೇ ಇಳಿಸಿದರು.

ಹಾಲಸಿದ್ದ ಊರೂರಿಗೆ ನಿಂತು ಹಾಲು ತುಂಬಿಕೊಳ್ಳುತ್ತ ಬರಬೇಕಿತ್ತು. ಮನೀಷಾ ಕಚೇರಿಯ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ ಎಷ್ಟು ಸಲ ತಿರುಗಿದಳೋ. ಶೇವಂತಾ ಅವಳಿಗೆ ಚಹಾ ತಂದುಕೊಟ್ಟಳು, ಕುಡಿಯಲಾಗಲಿಲ್ಲ. ಐದಕ್ಕೆ ಹದಿನೈದು ನಿಮಿಷವಿದ್ದಾಗ ಟೆಂಪೋ ಬಂತು.

ಗುಮಾಸ್ತ ಅಂಕಪಟ್ಟಿ ತೆಗೆದು ಊದಿದ. ಮೇಜಿನ ಮೇಲೆ ಜೋಳದ ಹಿಟ್ಟು ಉದುರಿತು. ಎರಡು ಎಳ್ಳು ಕೂಡ. "ಇದೇನ್ರಿ, ಕಾಗದಕ್ಕ ರೊಟ್ಟಿ ವಾಸನಿ ಬರತೈತಲ್ಲ?"

"ಹೌದ್ರಿ," ಎಂದಳು ಮನೀಷಾ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅವನು ಗಾಬರಿಯಾಗಿ ಬೇಗ ಬೇಗ ಸಿಕ್ಕಾ ಒತ್ತಿದ.

ಆ ಪ್ರವಾಸ ಅಲ್ಲಿಗೇ ಮುಗಿಯಿತು. ಕೊಲ್ಹಾಪುರ ಆಗಲಿಲ್ಲ, ಬೋರಗಾಂವ ಆಗಲಿಲ್ಲ. ಮರುವಾರ ಕಬ್ಬಿನ ದರ ಅರ್ಧ ಕೇಳಿದಷ್ಟು, ಅರ್ಧ ಕೊಟ್ಟಷ್ಟು ಎಂಬಂತೆ ಇತ್ಯರ್ಥವಾಗಿ ಪೆಂಡಾಲು ಬಿಚ್ಚಿದರು. ಕಟಾವಿನ ಗದ್ದಲ ಶುರುವಾಯಿತು, ಸಿದ್ದಲಿಂಗನಿಗೆ ಕಾರಿನ ನೆನಪೇ ಇಲ್ಲ. ಪ್ರಾಜಕ್ತಾ ಮಾತ್ರ ದಿನಾ ಶಾಲೆಯಿಂದ ಬಂದವಳೇ, "ಕೊಲ್ಹಾಪುರಕ್ಕ ಯಾವಾಗ?" ಎಂದು ಕೇಳುವಳು. ಅತ್ತೆ ಸೊಸೆಯ ನಡುವೆ ಫೈಲಿನ ಮಾತು ಎರಡು ಸಲ ಎದ್ದು ಎರಡು ಸಲವೂ ಜಗಳವಾಯಿತು. "ನಿಮಗ ಹೇಳಾಕ ಏನಾಗಿತ್ತು?" ಎಂದು ಇವಳು, "ಮಗಳನ್ನ ಸಮನಾಗಿ ಕೂಡಸಾಕ ನಿನಗೇನಾಗಿತ್ತು?" ಎಂದು ಅವಳು.

ಸಂಕ್ರಾಂತಿ ಕಳೆದ ಮೇಲೆ ಆದೇಶ ಬಂತು. ರಾಯಬಾಗದ ಆಚೆ ಒಂದು ಹಳ್ಳಿ. ಬೆಳಿಗ್ಗೆ ಏಳೂವರೆಯ ಬಸ್ಸು. ಮನೀಷಾ ನಸುಕಿನಲ್ಲಿ ಪಲ್ಯ ಮಾಡಿಟ್ಟು ಹೋಗುವಳು, ರೊಟ್ಟಿ ಸೋನಾಬಾಯಿಯ ಪಾಲಿಗೆ ಬಂತು.

ಒಂದು ಸೋಮವಾರ ಅವಳು ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ, ಒಳಗೆ ಮಾವ ಹೊಲಕ್ಕೆ ಹೋಗುವ ಮೊದಲಿನ ಊಟಕ್ಕೆ ಕೂತಿದ್ದರು. ರೊಟ್ಟಿ ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಅಂಚು ನೋಡಿದರು.

"ಇದು ಮನೀಷಾ ಮಾಡಿದ್ದಲ್ಲ," ಎಂದರು.

ಹೊಸ್ತಿಲಲ್ಲಿ ಮನೀಷಾಳ ಮುಖ ಅರಳಿತು. ಆಗ ಒಲೆಯ ಮುಂದಿನಿಂದ ಅತ್ತೆಯ ದನಿ ಬಂತು, ಜಗಳದ ದನಿಯಲ್ಲ.

"ನಲವತ್ತೊಂದ ವರ್ಷ ಆತು ನಾ ನಿಮಗ ಬಡದ ಹಾಕಾಕ. ನಂದು ಹೆಂಗಿರ್ತೈತಿ ಹೇಳ್ರಿ ನೋಡೋಣು."

ಬಾಬಾಸಾಹೇಬರು ರೊಟ್ಟಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಸೋನಾಬಾಯಿ ಕೈಯಲ್ಲಿನ ಹಿಟ್ಟಿನ ಉಂಡೆ ಹಾಗೇ ಹಿಡಿದು ಕಾಯುತ್ತಿದ್ದಳು. ಅವಳ ರೊಟ್ಟಿ ಬಲಗಡೆ ತುಸು ದಪ್ಪ, ನಡುವೆ ಹೆಬ್ಬೆರಳಿನ ಒಂದು ಗುರುತು ಯಾವಾಗಲೂ ಇರುತ್ತದೆ. ಮನೀಷಾಗೆ ಅದು ಗೊತ್ತಿತ್ತು. ಮಾವ ತಲೆ ಎತ್ತಿ ಹೊಸ್ತಿಲ ಕಡೆ ನೋಡಿದರು, ಸಹಾಯ ಕೇಳುವಂತೆ. ಅವಳು ಹೇಳಿಕೊಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.